ಲೆಕ್ಕಕ್ಕಿಲ್ಲದ ಸಿಗರೇಟು

“ಓರೆ ಮಾಡಿ, ಇನ್ನೂ ಓರೆ,” ಅಂದ ಸತ್ತವನ ಕೆಲಸದ ಜೊತೆಗಾರ. ಎಷ್ಟು ಓರೆ ಮಾಡಿದರೂ ಸ್ಟ್ರೆಚರು ಲಿಫ್ಟಿನೊಳಗೆ ಹಿಡಿಸಲಿಲ್ಲ. ಬಾಗಿಲು ಬಂದು ಬಂದು ಹಿಡಿಕೆಗೆ ಬಡಿದು ಹಿಂದೆ ಸರಿಯುತ್ತಿತ್ತು. ಜೀವಮಾನವೆಲ್ಲ ಊರವರ ಲಿಫ್ಟು ರಿಪೇರಿ ಮಾಡಿದವನನ್ನು ಕೊನೆಗೆ ಮೆಟ್ಟಿಲಿನಲ್ಲೇ ಇಳಿಸಬೇಕಾಯಿತು. ಅವನಿದ್ದಿದ್ದರೆ ಮೊದಲು ಅವನೇ ನಗುತ್ತಿದ್ದ ಎಂದು ಯಾರೋ ಅಂದರು. ಅವನ ಹೆಂಡತಿಗೆ ನಗು ಬರಲಿಲ್ಲ.

ನಾಲ್ವರು ಹೊತ್ತು ಇಳಿದರು. ತಲೆಯ ಕಡೆ ಜೊತೆಗಾರ ಮತ್ತು ಸತ್ತವನ ತಮ್ಮ, ಕಾಲಿನ ಕಡೆ ಪಕ್ಕದ ಮನೆಯ ಇಬ್ಬರು. ಎರಡು ಮಹಡಿ ಇಳಿಯುವಷ್ಟರಲ್ಲಿ ತಮ್ಮ, “ಒಂದ್ನಿಮಿಷ, ಕೆಳಗಿಡಿ,” ಅಂದ. ಇಟ್ಟ ಮೇಲೆ ಗೋಡೆಗೊರಗಿ ಎದೆಯ ನಡುವೆ ಅಂಗೈ ಒತ್ತಿಕೊಂಡು ನಿಂತ. ಹಣೆಯೆಲ್ಲ ಬೆವರು.

“ಪಾಪ, ಒಡಹುಟ್ಟಿದವನಲ್ವಾ, ಸಂಕಟ ತಡ್ಕೊಳ್ಳೋಕಾಗ್ತಿಲ್ಲ,” ಅಂದಳು ಸತ್ತವನ ಅಕ್ಕ.

ಹೆಂಡತಿ ಎರಡು ಮೆಟ್ಟಿಲು ಮೇಲೆ ನಿಂತಿದ್ದಳು. ಸಂಕಟ ಯಾವುದು, ಇದು ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೋದ ವರ್ಷವೆಲ್ಲ ಗಂಡ ಇದೇ ಥರ ನಿಲ್ಲುತ್ತಿದ್ದ, ಇದೇ ಜಾಗ ಒತ್ತಿಕೊಳ್ಳುತ್ತಿದ್ದ.

“ಎಷ್ಟು ದಿನದಿಂದ ಹೀಗೆ?” ಎಂದು ಮೈದುನನನ್ನು ಕೇಳಿದಳು.

“ಏನಿಲ್ಲ ಅತ್ತಿಗೆ, ಗ್ಯಾಸು.”

ಗಂಡನೂ ಗ್ಯಾಸು ಅಂತಲೇ ಅನ್ನುತ್ತಿದ್ದ. ಕೈಯಲ್ಲಿದ್ದ ಬೀಗದ ಕೈ ಗೊಂಚಲನ್ನು ಮೈದುನನ ತಲೆಗೆ ಎಸೆದುಬಿಡೋಣ ಅನ್ನಿಸಿತು ಅವಳಿಗೆ.

* * *

ಸತ್ತವನು ಸಿಗರೇಟು ಸೇದುವವನಲ್ಲ. ಮನೆಯವರೆಲ್ಲ ಹಾಗೆ ನಂಬಿದ್ದರು, ಸ್ವತಃ ಅವನೂ ನಂಬಿದ್ದ. ಅವನ ಜೇಬಿನಲ್ಲಿ ಪ್ಯಾಕು ಇರಲಿಲ್ಲ, ಬೆಂಕಿಪೊಟ್ಟಣವೂ ಇರಲಿಲ್ಲ. ಇದ್ದದ್ದು ಒಂದು ಪದ್ಧತಿ ಮಾತ್ರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನಿಂದ ಒಬ್ಬ ಬಸುರಿಯನ್ನು ಹೊರಗೆಳೆದಿದ್ದ. ಆಮೇಲೆ ತಾರಸಿಗೆ ಹೋಗಿ ಯಂತ್ರದ ಕೋಣೆಯ ಹೊರಗೆ ಗಡಗಡ ನಡುಗುತ್ತಾ ಕೂತಿದ್ದಾಗ ಜೊತೆಗಾರ ಒಂದು ಹಚ್ಚಿ ಅವನ ಬಾಯಿಗಿಟ್ಟ. ನಡುಕ ನಿಂತಿತು. ಅಂದಿನಿಂದ, ಸಿಕ್ಕಿಕೊಂಡವರನ್ನು ಬಿಡಿಸಿದ ದಿನ ತಾರಸಿಯಲ್ಲಿ ಒಂದೊಂದು. ತಮ್ಮನನ್ನೂ ಅದೇ ಕೆಲಸಕ್ಕೆ ಸೇರಿಸಿದ ಮೇಲೆ ಇಬ್ಬರಿದ್ದವರು ಮೂವರಾದರು. ವಾರಕ್ಕೊಮ್ಮೆಯೋ ಎರಡು ಸಲವೋ. ಕರೆಂಟು ಕೈಕೊಟ್ಟ ವಾರ ಇನ್ನೊಂದೆರಡು.

ಹೆಂಡತಿ ಮೊದಮೊದಲು ಜಗಳ ತೆಗೆದಿದ್ದಳು. ಅಂಗಿ ಮೂಸಿ ನೋಡಿ, “ಇವತ್ತು ಯಾರನ್ನ ಬಿಡಿಸಿದ್ರಿ?” ಅನ್ನುವಳು.

“ಅದು ಆಟಕ್ಕುಂಟು ಲೆಕ್ಕಕ್ಕಿಲ್ಲ ಕಣೇ,” ಅನ್ನುವನು. “ದಿನಾ ಪ್ಯಾಕುಗಟ್ಲೆ ಊದೋರೇ ಆರಾಮಾಗಿ ಓಡಾಡ್ತಾರೆ. ನಾನು ಒಂದು ಜೀವ ಉಳಿಸಿ ಒಂದು ಸೇದ್ತೀನಿ. ಲಾಭದಲ್ಲೇ ಇದೀನಿ.”

ಜೀವ ಉಳಿಸಿ ಬಂದವನ ಹತ್ತಿರ ಏನಂತ ವಾದ ಮಾಡುವುದು? ಬರಬರುತ್ತಾ ಅವಳೂ ಅದನ್ನು ಲೆಕ್ಕದಿಂದ ಬಿಟ್ಟಳು.

ಹೋದ ವರ್ಷ ಅವಳೇ ಕಾಟ ಕೊಟ್ಟು ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಸಿಗರೇಟು ಉಂಟೇ ಎಂದು ಕೇಳಿದರು. ಇಲ್ಲ ಅಂದ. ಸುಳ್ಳು ಹೇಳುವವನ ಮುಖವಲ್ಲ ಅದು. ಪಕ್ಕದಲ್ಲಿ ಕೂತಿದ್ದ ಅವಳೂ ಇಲ್ಲವೆಂದು ತಲೆಯಾಡಿಸಿದಳು. ಇಸಿಜಿ ಸರಿಯಾಗಿತ್ತು. ಎದೆಯುರಿಗೆ ಮಾತ್ರೆ ಕೊಟ್ಟು, ನೋವು ಮತ್ತೆ ಬಂದರೆ ಬನ್ನಿ ಅಂದರು. ನೋವು ಮತ್ತೆ ಬಂತು, ಇವನು ಹೋಗಲಿಲ್ಲ.

ನಿನ್ನೆ ಹೃದಯಾಘಾತವಾಗಿ ಎಲ್ಲ ಮುಗಿದ ಮೇಲೆ ಆಸ್ಪತ್ರೆಯ ಡಾಕ್ಟರಮ್ಮನ ಎದುರು ಅವಳು ತಾರಸಿಯ ಪದ್ಧತಿಯ ವಿಷಯ ಬಾಯಿಬಿಟ್ಟಳು.

“ಅದೊಂದೇ ಕಾರಣ ಅಂತ ನಾನು ಹೇಳೋದಿಲ್ಲ,” ಅಂದರು ಡಾಕ್ಟರಮ್ಮ. “ಆದ್ರೆ ಮೊದಲು ನೋಡಿದ ಡಾಕ್ಟರಿಗೆ ಗೊತ್ತಿದ್ದಿದ್ರೆ ಇನ್ನಷ್ಟು ಪರೀಕ್ಷೆ ಮಾಡಿಸ್ತಿದ್ರೇನೋ. ಕಮ್ಮಿ ಸೇದಿದ್ರೆ ಅಪಾಯನೂ ಅಷ್ಟೇ ಕಮ್ಮಿ ಅಂದ್ಕೋತಾರೆ ಎಲ್ರೂ. ಹೃದಯದ ವಿಷಯದಲ್ಲಿ ಹಾಗಾಗಲ್ಲಮ್ಮ. ಅಪರೂಪಕ್ಕೆ ಸೇದಿದ್ರೂ ರಕ್ತನಾಳಕ್ಕೆ ಪೆಟ್ಟು ಬಿದ್ದೇ ಬೀಳುತ್ತೆ. ಮನೇಲಿ ಇನ್ಯಾರಾದ್ರೂ ಸೇದೋರಿದ್ರೆ ಬಂದು ತೋರಿಸೋಕೆ ಹೇಳಿ.”

* * *

ಚಿತಾಗಾರದವರು ಶವವನ್ನು ಒಳಗೆ ತೆಗೆದುಕೊಂಡು, ಹೊರಗೆ ಕಾಯಿರಿ ಅಂದರು. ಹೆಂಗಸರು ಸಿಮೆಂಟಿನ ಬೆಂಚಿನ ಮೇಲೆ ಕೂತರು. ಗಂಡಸರು ಒಬ್ಬೊಬ್ಬರೇ ವ್ಯಾನು ನಿಲ್ಲಿಸಿದ ಕಡೆಗೆ ಜಾರಿಕೊಂಡರು. ಹೆಂಡತಿ ಅಳುವುದನ್ನು ಬಿಟ್ಟು, ಮೈದುನನನ್ನು ತೋರಿಸಬೇಕೆಂದು ಆಸ್ಪತ್ರೆಗೆ ಫೋನು ಮಾಡಿದಳು. ನಾಳೆ ಬೆಳಿಗ್ಗೆ ಜಾಗವಿದೆ, ರೋಗಿಯ ಹತ್ತಿರ ನಾಲ್ಕು ಮಾತು ಕೇಳಬೇಕು ಅಂದಿತು ಅಲ್ಲಿನ ಹುಡುಗಿಯ ದನಿ. ಫೋನು ಹಿಡಿದೇ ವ್ಯಾನಿನತ್ತ ಬಂದಳು.

ಜೊತೆಗಾರ ಆಗಷ್ಟೇ ಒಂದು ಹಚ್ಚಿ ತಮ್ಮನ ಕೈಗೆ ಕೊಡುತ್ತಿದ್ದ. ಅತ್ತು ಅತ್ತು ಅವನ ಕಣ್ಣು ಕೆಂಪಗಾಗಿದ್ದವು.

“ಎಷ್ಟು ಜನರನ್ನ ಬಿಡಿಸಿದ. ಇವತ್ತು ಅವನಿಗೇ ಬಿಡುಗಡೆ ಆಯ್ತು. ಪದ್ಧತಿ ತಪ್ಪಿಸಬಾರದು ಕಣೋ,” ಅಂದ.

“ಅದನ್ನ ಬಿಸಾಕು,” ಅಂದಳು ಅವಳು ಮೈದುನನಿಗೆ.

“ಇವತ್ತೊಂದಿನ ಅತ್ತಿಗೆ. ಅಣ್ಣನ ಹೆಸರಲ್ಲಿ.”

“ಎದೆನೋವು ಯಾವಾಗಿಂದ?”

“ನೋವಲ್ಲ, ಒಂಥರಾ ಬಿಗಿ. ಮೆಟ್ಟಿಲು ಹತ್ತಿ ಇಳಿದಾಗ ಮಾತ್ರ.”

“ನಿಮ್ಮಣ್ಣಂದೂ ಎಲ್ಲಾ ‘ಮಾತ್ರ’ವೇ ಆಗಿತ್ತು.”

ಜೊತೆಗಾರ ನಡುವೆ ಬಂದ. “ಬಿಡಮ್ಮ ತಂಗಿ, ಮಿಂಚಿಹೋದದ್ದಕ್ಕೆ ಚಿಂತಿಸಿ ಏನು ಫಲ. ನನ್ನ ನೋಡು, ಅವರಿಬ್ಬರಿಗಿಂತ ಜಾಸ್ತಿ ಸೇದ್ತೀನಿ. ಗುಂಡುಕಲ್ಲಿನ ಹಾಗಿದೀನಿ.”

“ಇವನದು ಇನ್ನೂ ಮಿಂಚಿಲ್ಲ. ಅದಕ್ಕೇ ಬಡ್ಕೋತಿರೋದು,” ಅಂದಳು. ಫೋನನ್ನು ಮೈದುನನ ಕೈಗೆ ತುರುಕಿದಳು. “ನಾಳೆಗೆ ಹೇಳಿದೀನಿ. ಕೇಳಿದ್ದಕ್ಕೆ ನಿಜ ಹೇಳು. ನಿನ್ನಿಂದ ನನಗೆ ಬೇರೇನೂ ಬೇಡ.”

ಅವನು ಹೇಳಿದ. ವಯಸ್ಸು ಹೇಳಿದ, ಸಕ್ಕರೆ ಕಾಯಿಲೆ ಇಲ್ಲ ಅಂದ. ತೂಕ ಹೇಳಿ, ತಡೆದು, ಒಂದು ಕಿಲೋ ಜಾಸ್ತಿಯೇ ಇರಬಹುದು ಎಂದು ತಿದ್ದಿದ. ಅವಳಿಗೆ ಸ್ವಲ್ಪ ಉಸಿರು ಬಂತು.

“ಸಿಗರೇಟಾ?” ಅಂದ. “ಇಲ್ಲಮ್ಮ. ಅಂಥದ್ದೆಲ್ಲ ಏನೂ ಇಲ್ಲ.” ಮಾತಿನ ಜೊತೆಗೇ ಬಾಯಿಂದ ಹೊಗೆ ಬಂತು. ಅತ್ತಿಗೆಯ ಮುಖಕ್ಕೆ ತಾಗದಿರಲಿ ಎಂದು ಆಚೆ ತಿರುಗಿ ಊದಿದ.

ಅವಳು ಫೋನು ಕಿತ್ತುಕೊಂಡಳು. “ಸೇದ್ತಾನೆ. ಈಗಲೂ ಸೇದ್ತಾ ನಿಂತಿದಾನೆ. ಇವನ ಅಣ್ಣನೂ ಸೇದ್ತಿದ್ರು. ನಿನ್ನೆ ಹೋದ್ರು.”

ಅವಳ ದನಿ ಬೆಂಚಿನವರೆಗೂ ಕೇಳಿಸಿತು. ಸತ್ತವನ ಅಕ್ಕ ಎದ್ದು ಬಂದಳು. “ಏನೇ ಇದು, ಸತ್ತವನ ಮೇಲೆ ಗೂಬೆ ಕೂರಿಸ್ತೀಯಾ? ನನ್ನ ತಮ್ಮ ಒಂದು ದಿನ ಅಂಗಡಿಗೆ ಹೋಗಿ ಸಿಗರೇಟು ಕೊಂಡವನಲ್ಲ.”

“ಕೊಂಡವರಲ್ಲ ಅಕ್ಕ. ಸೇದಿದವರು.”

“ದುಃಖದಲ್ಲಿ ಏನೋ ಮಾತಾಡ್ತಿದಾಳೆ, ಬಿಡಿ,” ಅಂದ ಜೊತೆಗಾರ. ಎಲ್ಲರೂ ಅವಳನ್ನು ಕನಿಕರದಿಂದ ನೋಡಿದರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ, ಈ ಕನಿಕರ ಅವಳ ಮೈ ಉರಿಸಿತು.

ಮೈದುನನ ಮುಖ ಕಪ್ಪಿಟ್ಟಿತ್ತು. “ನಾಲ್ಕು ಜನರೆದುರು ನನ್ನ ಮಾನ ಕಳೆದ್ರಿ ಅತ್ತಿಗೆ. ನಾಳೆ ನಾನು ಬರಲ್ಲ,” ಅಂದವನೇ ವ್ಯಾನು ಹತ್ತಿ ಬಾಗಿಲೆಳೆದುಕೊಂಡ.

ಫೋನು ಇನ್ನೂ ಮಾತಾಡುತ್ತಿತ್ತು. “ಮೇಡಂ, ದಿನಕ್ಕೆ ಎಷ್ಟು ಸೇದ್ತಾರೆ?”

“ದಿನಕ್ಕಲ್ಲ,” ಅಂದಳು ಅವಳು. “ದಿನಾ ಅಲ್ಲ.”

“ದಿನಾ ಅಲ್ವಾ? ಹಾಗಾದ್ರೆ ಇಲ್ಲ ಅಂತ ಹಾಕ್ಲಾ?”

“ಹಾಕಬೇಡಿ,” ಅಂದಳು.

ವ್ಯಾನಿನ ಕಿಟಕಿಯ ಗಾಜು ಅರ್ಧ ಸರಿಯಿತು. ಒಂದು ಕೈ ಹೊರಗೆ ಬಂದು, ತೋರುಬೆರಳಿನಿಂದ ಬೂದಿ ಕೊಡವಿ, ಮತ್ತೆ ಒಳಗೆ ಹೋಯಿತು.