ಬಾಗಿಲಿಗೇ ಜೀಪು

ಶೈಲಜಾ ಹುರಳಿಕಾಯಿಯ ನಾರು ತೆಗೆಯುತ್ತಿದ್ದಳು. ಎದುರಿಗೆ ಕೂತ ಗಂಡ ಕೇಶವಮೂರ್ತಿ ಒಂದೇ ಕಾಯಿಯನ್ನು ಹಿಡಿದು ಹತ್ತು ನಿಮಿಷವಾಗಿತ್ತು.

"ಏನ್ರೀ, ಅದರ ಜಾತಕ ನೋಡ್ತಿದ್ದೀರಾ?"

ಅವರು ನಗಲಿಲ್ಲ. ಸೈನ್ಯದ ಆಳ್ವಿಕೆ ಮುಗಿಸಿ ಮೊದಲ ಚುನಾವಣೆಗೆ ಹೊರಟಿದ್ದ ಒಂದು ದೇಶಕ್ಕೆ ಸಮರ್‌ಸೆಟ್‌ನ ಅವರ ಆಫೀಸು ಮತಗಟ್ಟೆಗಳ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತಿತ್ತು. ಖರ್ಚು ಹೊರಗಿನವರದು, ಬಂದೋಬಸ್ತು ಅಲ್ಲಿನ ಸೈನ್ಯದ್ದು. ಆ ದೇಶದ ಹೆಸರನ್ನು ಅವರು ಮನೆಯಲ್ಲಿ ಎತ್ತುತ್ತಿರಲಿಲ್ಲ. 'ಅಲ್ಲಿ' ಎನ್ನುತ್ತಿದ್ದರು, ಅಷ್ಟೆ.

ಈ ದೇಶಕ್ಕೆ ಬರುವ ಮುಂಚೆ ಮೈಸೂರಿನಲ್ಲಿ ಕಾಲೇಜು ಮೇಷ್ಟರಾಗಿದ್ದಾಗ ಅವರೂ ಎಲೆಕ್ಷನ್ ಡ್ಯೂಟಿ ಮಾಡಿದವರು. ಮತಪೆಟ್ಟಿಗೆ ಇಟ್ಟುಕೊಂಡು ರಸ್ತೆಬದಿಯಲ್ಲಿ ಲಾರಿ ಕಾದವರು. ಅಲ್ಲಿನ ಮೇಷ್ಟರಿಗೆ ಆ ಪಾಡು ಬೇಡ, ಜೀಪು ಬಾಗಿಲಿಗೇ ಬರಲಿ ಎಂದು ಮತಗಟ್ಟೆ ಸಿಬ್ಬಂದಿಯ ಪಟ್ಟಿಗೆ ಮನೆ ವಿಳಾಸ, ಫೋಟೋ ಸೇರಿಸಿದ್ದು ಅವರೇ.

ಜೀಪು ಬಂತು. ಮತದಾನಕ್ಕೆ ಇನ್ನೂ ಮೂರು ವಾರ ಇರುವಾಗಲೇ ಬಂತು. ಒಂದು ಊರಿನ ಆರು ಮೇಷ್ಟರನ್ನು ಹತ್ತಿಸಿಕೊಂಡು ಹೋಯಿತು. ಯಾರೂ ಹಿಂತಿರುಗಲಿಲ್ಲ.

'ಪಟ್ಟಿ ಸೈನ್ಯಕ್ಕೆ ಸಿಗುತ್ತಿದೆ, ನಿಮ್ಮ ಮತಗಟ್ಟೆ ಸಿಬ್ಬಂದಿ ಯಾರೂ ಮನೆಯಲ್ಲಿ ಇರಬಾರದು' ಎಂದು ಅಲ್ಲಿನ ಚುನಾವಣಾ ಆಯೋಗದ ಅಧ್ಯಕ್ಷೆಗೆ ಕೇಶವಮೂರ್ತಿ ಬರೆದ ಪತ್ರ ಎಂಟು ದಿನದಿಂದ ಕಳಿಸದೆ ಲ್ಯಾಪ್‌ಟಾಪಿನಲ್ಲೇ ಇತ್ತು.

ಫೋನು ರಿಂಗಾಯಿತು. ಆಫೀಸಿನಲ್ಲಿ ಅವರ ಮೇಲಧಿಕಾರಿ, ಮುಕುಂದ್. ಕೇಶವಮೂರ್ತಿ ಸ್ಪೀಕರಿಗೆ ಹಾಕಿದರು.

"ಊಟ ಆಯ್ತಾ ಅಂಕಲ್? ಉಳಿದ ಜಿಲ್ಲೆಗಳ ಲಿಸ್ಟೂ ನಾಲ್ಕು ಗಂಟೆಗೆ ಬಂದೋಬಸ್ತಿನವರಿಗೆ ರಿಲೀಸ್ ಮಾಡ್ತಿದ್ದೀವಿ. ನೀವು ಸುಮ್ನೆ ರೆಸ್ಟ್ ತಗೊಳ್ಳಿ."

"ಆ ಆರು ಜನ, ಮುಕುಂದ್..."

"ಸ್ಟೆಬಿಲಿಟಿ ಮುಖ್ಯ ಅಂಕಲ್. ಅಂದ ಹಾಗೆ, ಆಂಟಿ ಮೊನ್ನೆ ಮೆಟುಚೆನ್ ಟ್ರೇನ್ ಸ್ಟೇಷನ್‌ನಲ್ಲಿ ಕೆಂಪು ಸ್ವೆಟರ್ ಹಾಕ್ಕೊಂಡಿದ್ರಂತೆ. ಚೆನ್ನಾಗಿ ಒಪ್ಪುತ್ತಂತೆ ಅವರಿಗೆ."

ಮಾತು ಮುಗಿಯಿತು. ಶೈಲಜಾ ಹುರಳಿಕಾಯಿಯ ತಟ್ಟೆ ಪಕ್ಕಕ್ಕಿಟ್ಟಳು. ಮೊನ್ನೆ ಅವಳು ಒಬ್ಬಳೇ ಹೋಗಿದ್ದಳು, ಯಾರಿಗೂ ಹೇಳಿರಲಿಲ್ಲ.

"ಪತ್ರ ಕಳಿಸೋದು ಬೇಡ ಕಣೇ," ಎಂದರು ಕೇಶವಮೂರ್ತಿ. "ನಿನ್ನನ್ನೂ ನೋಡಿಟ್ಟುಕೊಂಡಿದ್ದಾರೆ."

"ನನ್ನ ಸ್ವೆಟರ್ ನೋಡಿದ್ದಾರೆ. ಅಲ್ಲಿಯವರ ಮನೆ ಬಾಗಿಲೇ ತೋರಿಸಿಬಿಟ್ಟಿದ್ದೀರಲ್ಲ ನೀವು!"

ಅವರ ಮುಖ ಕಪ್ಪಿಟ್ಟಿತು. ಮಾತು ಹೆಚ್ಚಾಯಿತೆಂದು ಅವಳಿಗೂ ಅನ್ನಿಸಿತು, ಆದರೆ ಹಿಂದೆಗೆದುಕೊಳ್ಳಲಿಲ್ಲ.

"ನನ್ನ ಮೇಲ್ ಎಲ್ಲಾ ಆಫೀಸಿನವರು ಓದ್ತಾರೆ, ಶೈಲಾ. ಪತ್ರ ಹೋಗೋಕೇ ಬಿಡಲ್ಲ."

"ನನ್ನದ್ರಿಂದ ಹೋಗಲಿ. ಕನ್ನಡ ಕೂಟಕ್ಕೆ ಕೋಸಂಬರಿ ತರ್ತೀನಿ ಅಂತ ಬರೆದಿದ್ದು ಬಿಟ್ರೆ ಅದ್ರಲ್ಲಿ ಇನ್ನೇನಿದೆ?"

ಕೇಶವಮೂರ್ತಿ ಅವಳ ಮೇಲ್ ತೆರೆದು ಪತ್ರವನ್ನು ಅದರಲ್ಲಿ ಅಂಟಿಸಿದರು. ಕೆಳಗೆ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದರು. ಅಲ್ಲಿಗೆ ಅವರ ಬೆರಳು ನಿಂತಿತು. ಹೊರಗೆ ಒಂದು ಕಾರು ನಿಧಾನವಾಗಿ ಬಂದು ಮನೆಯೆದುರು ನಿಂತಿತು. ಯಾರೂ ಇಳಿಯಲಿಲ್ಲ.

ಗಂಟೆ ಮೂರೂಕಾಲು ಆಗಿತ್ತು.

"ಸ್ವಲ್ಪ ಸರೀರಿ," ಎಂದು ಶೈಲಜಾ ಗಂಡನನ್ನು ಪಕ್ಕಕ್ಕೆ ತಳ್ಳಿ, ಕೈ ಒರೆಸಿಕೊಂಡು, ಪತ್ರವನ್ನು ಕಳಿಸಿದಳು.