ಕೊಸರು ಕೊಂಬೆ

ತರಕಾರಿ ತೂಗಿ ಕೊಟ್ಟ ಮೇಲೆ ಅಂಗಡಿಯವಳು ಎರಡು ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಾಳಲ್ಲ, ಅದು ಕೊಸರು. ನಮ್ಮ ಕಂಪನಿಯಲ್ಲೂ ಕೊಸರಿತ್ತು. ನಾವು ಮರ ಸವರುವವರು. ಹೇಳಿದ ಕೊಂಬೆಗಳನ್ನೆಲ್ಲ ಕಡಿದು, ಕಸ ಗುಡಿಸಿ ಲಾರಿಗೆ ತುಂಬಿದ ಮೇಲೆ ಮನೆಯವರನ್ನು ‘ಇನ್ನೇನಾದ್ರೂ ಕಣ್ಣಿಗೆ ಚುಚ್ತಾ ಇದೆಯಾ?’ ಎಂದು ಕೇಳಿ ಇನ್ನೊಂದು ಕೊಂಬೆಯನ್ನು ಪುಕ್ಕಟೆಯಾಗಿ ತೆಗೆದುಕೊಡುತ್ತಿದ್ದೆವು. ಮಾಲೀಕರು ತಾವೇ ಮರ ಹತ್ತುತ್ತಿದ್ದ ಕಾಲದಲ್ಲಿ ಶುರು ಮಾಡಿದ ಪದ್ಧತಿ. ಅವರಿಂದ ಭಾವ ಕಲಿತರು, ಭಾವನಿಂದ ನಾನು ಕಲಿತೆ.

ಈಗ ಕೊಸರಿಲ್ಲ. ಮರಕ್ಕೊಂದು ಫೈಲು, ಕೊಂಬೆಗೊಂದು ಫೋಟೊ. ಯಂತ್ರದ ಬುಟ್ಟಿಯಲ್ಲಿ ನಿಂತು ಮೇಲೆ ಹೋಗುವವರ ಅಂಗಿಗೆ ಒಂದು ಕಲೆಯೂ ಆಗುವುದಿಲ್ಲ. ಅದೇ ಸರಿ, ನಾನೇನೂ ತಕರಾರು ತೆಗೆಯುವುದಿಲ್ಲ. ಆದರೂ ಆ ಹಳೇ ಲಾರಿಯಲ್ಲಿ ಎಲೆಗಳ ರಾಶಿಯ ಮೇಲೆ ಅಂಗಾತ ಮಲಗಿ ಮನೆಗೆ ಬರುತ್ತಿದ್ದ ಸಂಜೆಗಳು, ಕೂದಲಲ್ಲೆಲ್ಲ ಹಸಿ ಮರದ ಹೊಟ್ಟಿನ ವಾಸನೆ, ಪಕ್ಕದಲ್ಲಿ ಮಾತಿಲ್ಲದೆ ಕೂತಿರುತ್ತಿದ್ದ ಭಾವ, ಇದೆಲ್ಲ ನೆನಪಾದರೆ ಕರುಳು ಚುರ್ ಎನ್ನುತ್ತದೆ. ಭಾವ ಹೋಗಿ ಆರು ವರ್ಷವಾಯಿತು.

ಭಾವ ಅಂದರೆ ನಮ್ಮಕ್ಕನ ಗಂಡ, ನಮ್ಮ ತಂಡದ ಮೇಸ್ತ್ರಿ. ನಾನಿದ್ದದ್ದೂ ಅವರ ಮನೆಯಲ್ಲೇ. ಅವರ ಬಾಯಿಂದ ಮಾತು ಹೊರಡಿಸುವುದು ಕಲ್ಲಿನಿಂದ ನೀರು ಹಿಂಡಿದ ಹಾಗೆ ಎಂದು ಅಕ್ಕ ಗೊಣಗುತ್ತಿದ್ದಳು. ನನ್ನ ಬಾಯಿಗೋ ಬೀಗವೇ ಇರಲಿಲ್ಲ. ಮಧ್ಯಾಹ್ನ ನನ್ನ ಡಬ್ಬಿ ಖಾಲಿ ಮಾಡಿ ಅವರ ಡಬ್ಬಿಗೂ ಕೈ ಹಾಕುತ್ತಿದ್ದೆ. ಅವರು ಡಬ್ಬಿಯನ್ನು ಇತ್ತ ಸರಿಸುತ್ತಿದ್ದರು, ಅಷ್ಟೆ. ಇಪ್ಪತ್ತಾರರ ವಯಸ್ಸಿಗೆ ನಾನು ತಂಡದಲ್ಲೇ ಚುರುಕಿನವನಾಗಿದ್ದೆ. ಅಕ್ಕನ ಬಾಯಲ್ಲಿ ನನ್ನ ಹೆಸರು ಕೋತಿ.

ಆ ದಿನದ ಕೆಲಸ ನಿವೃತ್ತ ಟೀಚರಮ್ಮ ಒಬ್ಬರ ಮನೆಯಲ್ಲಿ. ಕಂಪನಿ ಕೊಟ್ಟ ಕೆಲಸದ ಚೀಟಿಯಲ್ಲಿದ್ದದ್ದು ಹಿತ್ತಲಿನ ಎರಡು ಮಾವಿನ ಮರ. ಗೋಡೆಯಾಚೆ ರಸ್ತೆಯ ಬದಿಗೆ ನೂರಕ್ಕೂ ಮೀರಿ ವಯಸ್ಸಾದ ಒಂದು ಅತ್ತಿ ಮರವಿತ್ತು. ಅದರ ಬುಡಕ್ಕೆ ಹಸಿರು ತಗಡು, ತಗಡಿನ ಮೇಲೆ ‘ರಕ್ಷಿತ ಮರ’ ಎಂಬ ಬರಹ, ಕೆಳಗೊಂದು ನಂಬರು. ಅಂಥ ಮರದ ಒಂದು ರೆಂಬೆ ಮುಟ್ಟಬೇಕಾದರೂ ಊರಿನ ಮರಗಳ ಉಸ್ತುವಾರಿ ನೋಡುವ ಸರ್ಕಾರಿ ಕಚೇರಿಯ, ನಮ್ಮ ಬಾಯಲ್ಲಿ ‘ಮರದ ಕಚೇರಿ’ಯ, ಲಿಖಿತ ಅಪ್ಪಣೆ ಬೇಕು.

ಎರಡನೇ ಮಾವಿನ ತುದಿಯಲ್ಲಿ ನನ್ನ ಕೆಲಸ ಮುಗಿದಿತ್ತು. ಭಾವ ಮುಂಭಾಗದಲ್ಲಿ ಲಾರಿಗೆ ಹೊರೆ ಬಿಗಿಯುತ್ತಿದ್ದರು. ಟೀಚರಮ್ಮ ಮಹಡಿಯ ಕಿಟಕಿಯಿಂದ ಮುಖ ಹೊರಗಿಟ್ಟರು.

“ಎಷ್ಟು ಬೆಳಕು ಬಂತಪ್ಪ! ಆ ಅತ್ತಿ ಕೊಂಬೆ ಒಂದು ಇಲ್ದಿದ್ರೆ ನನ್ನ ಮೇಜಿನ ತನಕ ಬರ್ತಿತ್ತು. ಕಣ್ಣು ಬೇರೆ ಮಂಜಾಗಿದೆ. ಅಲ್ಲಾ, ನೀನು ಮರದ ಮೇಲೆ ಓಡಾಡೋದು ನೋಡಿದ್ರೆ ನಡುಮನೇಲಿ ಓಡಾಡಿದ ಹಾಗಿದೆ!”

ಮೊದಲೇ ಕೋತಿ, ಸಾಲದ್ದಕ್ಕೆ ಹೊಗಳಿಕೆ ಬೇರೆ. ಮಾವಿನ ಕೊಂಬೆಯೂ ಅತ್ತಿಯ ಕೊಂಬೆಯೂ ಅಲ್ಲಿ ಹೆಣೆದುಕೊಂಡಿದ್ದವು. ಎರಡು ಹೆಜ್ಜೆ ಇಟ್ಟೆ, ಅತ್ತಿಯಲ್ಲಿದ್ದೆ. ತೊಡೆಯಷ್ಟು ದಪ್ಪದ ಕೊಂಬೆ. ಗರಗಸ ಇಳಿದಲ್ಲಿ ಬೆಳ್ಳಗೆ ಹಾಲು ಒಸರಿತು. “ಕೊಸರು, ಟೀಚರಮ್ಮ!” ಎಂದು ಕೂಗಿದೆ. ಕೊಂಬೆ ಬಿದ್ದ ಸದ್ದಿಗೆ ಭಾವ ಓಡಿ ಬಂದರು. ಕೊಂಬೆಯನ್ನು ನೋಡಿದರು, ನನ್ನನ್ನು ನೋಡಿದರು.

“ಇಳಿ,” ಎಂದರು.

ತಗಡನ್ನು ನಾನು ನೋಡಿರಲಿಲ್ಲವೇ? ನೋಡಿದ್ದೆ. ಬೆಳಿಗ್ಗೆ ಅದರ ಪಕ್ಕದ ಮೊಳೆಗೇ ಅಂಗಿ ನೇತುಹಾಕಿದ್ದೆ. ಆದರೆ ತಗಡು ಇರುವುದು ಬುಡದಲ್ಲಿ. ನೆಲದಿಂದ ಹತ್ತುವವನು ಅದಕ್ಕೆ ಮುಖ ಕೊಟ್ಟೇ ಹತ್ತಬೇಕು. ಕೊಂಬೆಯಿಂದ ಕೊಂಬೆಗೆ ದಾಟಿದವನಿಗೆ ಮೇಲೆ ಎಲ್ಲವೂ ಒಂದೇ ಹಸಿರು, ಅಲ್ಲಿ ಯಾವ ಮರಕ್ಕೂ ನಂಬರಿಲ್ಲ. ಇದು ಸಬೂಬೆಂದು ನನಗೂ ಗೊತ್ತು.

ದಾರಿಹೋಕರು ಯಾರೋ ದೂರು ಕೊಟ್ಟರು. ಮೂರನೇ ದಿನ ನೋಟಿಸು ಬಂತು. ಕಂಪನಿ, ಮೇಸ್ತ್ರಿ, ನಾನು, ಮೂವರ ಹೆಸರೂ ಅದರಲ್ಲಿತ್ತು. ಕಡಿಸಿದವನೂ ಹೊಣೆ, ಕಡಿದವನೂ ಹೊಣೆ ಎನ್ನುತ್ತದೆ ಕಾಯ್ದೆ. ಮಾಲೀಕರು ಭಾವನನ್ನೂ ನನ್ನನ್ನೂ ಒಳಗೆ ಕರೆದು ಬಾಗಿಲು ಹಾಕಿದರು.

“ಕೊಸರು ಗಿಸರು ಅಂತ ಅಲ್ಲಿ ಬಾಯಿ ಬಿಡ್ಬೇಡಿ. ಚೀಟೀಲಿರೋದು ಎರಡು ಮಾವು. ಮೇಸ್ತ್ರಿ ಹೇಳಿ ಕಡಿಸಿದ್ದು ಅಂತಾದ್ರೆ ಕಂಪನಿ ಲೈಸೆನ್ಸಿಗೇ ಸಂಚಕಾರ, ಅಷ್ಟೂ ಜನ ಮನೇಲಿ ಕೂರ್ಬೇಕು. ಇವನಾಗೇ ಕಡಿದದ್ದು ಅಂತಾದ್ರೆ ಇವನ ಕಾರ್ಡು ಮಾತ್ರ. ಮಾಡಿದ್ದುಣ್ಣೋ ಮಹಾರಾಯ.”

ಕಾರ್ಡು ಅಂದರೆ ಮರ ಹತ್ತುವ ಪರವಾನಗಿ. ಅದು ರದ್ದಾದರೆ ಯಾವ ಕಂಪನಿಯೂ ಮರದ ಮೇಲೆ ಬಿಡುವುದಿಲ್ಲ. ನನಗೆ ಬೇರೆ ಏನೂ ಬರುತ್ತಿರಲಿಲ್ಲ, ಬೇರೆ ಏನೂ ಬೇಕಾಗಿಯೂ ಇರಲಿಲ್ಲ.

ಅಂದು ಊಟಕ್ಕೆ ಬಡಿಸುತ್ತ ಅಕ್ಕ ಭಾವನಿಗೆ ಗಂಟುಬಿದ್ದಳು. “ರೀ, ನಾನೇ ಹೇಳಿದ್ದು ಅಂತ ಒಂದು ಮಾತು ಹೇಳ್ಬಿಡಿ. ನಿಮ್ಮ ನಾಲಗೆ ಏನು ಸವೆದು ಹೋಗುತ್ತಾ? ಅವನಿಗಿನ್ನೂ ಮದುವೇನೂ ಆಗಿಲ್ಲ.”

ಭಾವ ತಲೆಯೆತ್ತದೆ ಊಟ ಮಾಡಿದರು. ಮೌನ ಸಮ್ಮತಿ ಲಕ್ಷಣ ಎಂದುಕೊಂಡು ನಾನು ಆ ವಾರ ಹೊಟ್ಟೆ ತುಂಬ ಉಂಡೆ.

ಮರದ ಕಚೇರಿಯ ಕೋಣೆಯಲ್ಲಿ ಒಂದು ಉದ್ದ ಮೇಜು, ಕಿರುಗುಟ್ಟುವ ಫ್ಯಾನು, ಗೋಡೆಯುದ್ದಕ್ಕೂ ದಾರ ಕಟ್ಟಿದ ಫೈಲು. ಮೇಜಿನ ಮೇಲೆ ನನ್ನ ಗರಗಸ. ಅದರ ಹಲ್ಲಿನ ಸಂದಿಯಲ್ಲಿ ಅತ್ತಿಯ ಹಾಲು ಒಣಗಿ ಅಂಟಾಗಿತ್ತು. ಅಧಿಕಾರಿ ಮೆತ್ತಗೆ ಮಾತಾಡುವ ಹೆಂಗಸು.

“ಅತ್ತಿ ಕಡಿ ಅಂತ ನಿಮಗೆ ಯಾರು ಹೇಳಿದ್ರು?”

ಭಾವ ಇದ್ದಾರಲ್ಲ ಎಂಬ ಧೈರ್ಯದ ಮೇಲೆ, “ಮೇಸ್ತ್ರಿ ಹೇಳಿದ್ರು ಮೇಡಂ,” ಎಂದೆ.

ಅಧಿಕಾರಿ ಭಾವನ ಕಡೆ ತಿರುಗಿದರು. “ಹೌದಾ?”

ಭಾವ ಎದ್ದು ನಿಂತರು. “ಇಲ್ಲ.”

ಮಾಲೀಕರು ನೆಮ್ಮದಿಯ ಉಸಿರು ಬಿಟ್ಟು ಹಿಂದಕ್ಕೊರಗಿದರು. ಆದರೆ ಭಾವ ಇನ್ನೂ ಕೂತಿರಲಿಲ್ಲ.

“ಕೊಸರು ಕೊಂಬೆ ಕಡಿಯೋದು ನಮ್ಮ ಕಂಪನಿ ಪದ್ಧತಿ ಮೇಡಂ. ಚೀಟೀಲಿ ಇರಲ್ಲ, ಆದ್ರೂ ಕಡಿತೀವಿ. ಇವನಿಗೆ ಕಲಿಸಿದ್ದು ನಾನೇ. ಆ ಮರ ಕಡಿ ಅಂತ ಮಾತ್ರ ಹೇಳಿಲ್ಲ. ಕೇಳಿದ್ರೆ ಬೇಡ ಅಂತಿದ್ದೆ. ಕೇಳಲಿಲ್ಲ.”

ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮಾಲೀಕರ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಆಜ್ಞೆ ಬಂತು. ನಾನು ಒಂದು ವರ್ಷ ಮರ ಹತ್ತುವಂತಿಲ್ಲ. ಭಾವನ ಕಾರ್ಡಿಗೂ ಎಚ್ಚರಿಕೆಯ ಮುದ್ರೆ ಬಿತ್ತು. ಕಂಪನಿ ಕೊಸರು ನಿಲ್ಲಿಸಿದ್ದೇವೆಂದು ಬರೆದುಕೊಡಬೇಕಾಯಿತು. ‘ಸಂಸ್ಥೆಯ ರೂಢಿಯನ್ನು ಗಮನಿಸಿ ಕಾರ್ಡನ್ನು ಶಾಶ್ವತವಾಗಿ ರದ್ದುಪಡಿಸಿಲ್ಲ’ ಎಂದು ಆ ಕಾಗದದ ಎರಡನೇ ಪುಟದಲ್ಲಿತ್ತು. ಸಿಟ್ಟಿನಲ್ಲಿ ನಾನು ಮೊದಲನೇ ಪುಟವನ್ನಷ್ಟೇ ಓದಿದ್ದೆ. ಎರಡನೆಯದನ್ನು ಓದಿದ್ದು ಎಷ್ಟೋ ವರ್ಷಗಳ ಮೇಲೆ.

ಆಮೇಲೆ ಮನೆಯಲ್ಲಿ ಮೂವರು ಮೂರು ದಿಕ್ಕು. ನಾನು ಭಾವನ ಜೊತೆ ಮಾತು ಬಿಟ್ಟೆ. ಅಕ್ಕ ನಮ್ಮಿಬ್ಬರ ಮೇಲಿನ ಕೋಪವನ್ನೂ ಪಾತ್ರೆಗಳ ಮೇಲೆ ತೀರಿಸಿಕೊಂಡಳು. ಮಾಲೀಕರು ಭಾವನಿಗೆ ಏನಾದರೂ ಹೇಳಬೇಕಾದರೆ ಗುಮಾಸ್ತನ ಕೈಲಿ ಹೇಳಿಸುತ್ತಿದ್ದರು. ಒಂದು ಸುಳ್ಳು ಹೇಳಿದ್ದರೆ ಭಾವನಿಗೆ ಹೆಂಡತಿಯಾದರೂ ದಕ್ಕುತ್ತಿದ್ದಳು, ಕೊಸರೇ ಇಲ್ಲವೆಂಬ ಇನ್ನೊಂದು ಹೇಳಿದ್ದರೆ ಮಾಲೀಕರು. ಅವರು ಎರಡನ್ನೂ ಹೇಳಲಿಲ್ಲ.

ಕೆಲಸದಿಂದ ತೆಗೆಯಲಿಲ್ಲವಾದ್ದರಿಂದ ನಾನು ಕೆಳಗಿನ ಆಳಾದೆ. ಎರಡು ವಾರ ಕೊಂಬೆ ಎಳೆದೆ, ಕಸ ಗುಡಿಸಿದೆ. ಮೂರನೇ ವಾರ ಒಂದು ಶಾಲೆಯ ಅಂಗಳದಲ್ಲಿ, ನಾಲ್ಕು ಆಳೆತ್ತರದವರೆಗೆ ಕೊಂಬೆಯೇ ಇಲ್ಲದ ಮರ. ಅಂಥ ಮರಕ್ಕೆ ಹತ್ತುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲಿನ ಕವಲಿನಿಂದ ದಾಟಿಸಿ, ಇನ್ನೊಂದು ತುದಿಯನ್ನು ಕೆಳಗೊಬ್ಬ ಹಿಡಿಯುತ್ತಾನೆ. ಮೇಲಿನವನ ಕಾಲು ಜಾರಿದರೆ ಅವನ ಜೀವ ಇರುವುದು ಕೆಳಗಿನವನ ಮುಷ್ಟಿಯಲ್ಲಿ. ಭಾವನ ಹಗ್ಗವನ್ನು ಯಾವಾಗಲೂ ಹಿಡಿಯುತ್ತಿದ್ದವನು ತಂಡದ ಹಿರಿಯ. ಅವನು ಕೈಗವಸು ಏರಿಸಿಕೊಂಡು ಬಂದ.

ಭಾವ ಅವನಿಗೆ ಬೇಡವೆಂದು ತಲೆಯಾಡಿಸಿ, ಹಗ್ಗದ ತುದಿಯನ್ನು ತಂದು ನನ್ನ ಕೈಗಿಟ್ಟರು.

ಹಿರಿಯ ಗಾಬರಿಯಾದ. “ಮೇಸ್ತ್ರಿ, ಬೇಡಿ. ಇವನು ನಿಮ್ಮ ಮೇಲೆ ಕತ್ತಿ ಮಸೀತಿದಾನೆ.”

“ಗೊತ್ತು. ಇವನೇ ಹಿಡೀಲಿ,” ಎಂದು ಭಾವ ಹತ್ತತೊಡಗಿದರು.

ನನ್ನ ಮುಖವನ್ನೂ ನೋಡಲಿಲ್ಲ, ಗಂಟನ್ನು ಎರಡನೇ ಸಲ ಎಳೆದೂ ನೋಡಲಿಲ್ಲ. ಅಷ್ಟೆತ್ತರ ಹೋಗಿ, ಎರಡೂ ಕೈಗಳನ್ನು ಮರದಿಂದ ಬಿಟ್ಟು, ಬೆನ್ನು ಹಿಂದಕ್ಕೆ ಚೆಲ್ಲಿ, ಪೂರಾ ಮೈಭಾರವನ್ನು ಹಗ್ಗದ ಮೇಲೆ ಹಾಕಿದರು. ಭಾರ ಜಗ್ಗಿ ಇಳಿದು ನನ್ನ ಅಂಗೈಗೆ ಬಂತು. ತುಂಬಿದ ಕೋಣೆಯಲ್ಲಿ ನಾನು ಅವರ ತಲೆಗೆ ಸುಳ್ಳು ಕಟ್ಟಿದ್ದೆ. ಅವರು ನನ್ನ ಬಗ್ಗೆ ಒಂದಕ್ಷರ ಸುಳ್ಳಾಡಿರಲಿಲ್ಲ. ಕಣ್ಣು ತುಂಬಿ ಮರವೇ ಕಾಣದಾಯಿತು. ಒರೆಸಿಕೊಳ್ಳೋಣವೆಂದರೆ ಕೈ ತೆಗೆಯುವಂತಿರಲಿಲ್ಲ.

“ಸ್ವಲ್ಪ ಬಿಡೋ,” ಎಂದರು ಮೇಲಿನಿಂದ.

“ಬಿಡ್ತಿದೀನಿ ಭಾವ, ನಿಧಾನ,” ಎಂದೆ. ಹತ್ತೊಂಬತ್ತು ದಿನಗಳಲ್ಲಿ ನಾನು ಅವರೊಂದಿಗೆ ಆಡಿದ ಮೊದಲ ಮಾತು ಅದು.