ಒಂಬತ್ತನೇ ನಂಬರಿನವನು ಯಾರ ಪಾಲು

ಕುರೋಗಿ ಈಗ ಆಡುವುದಿಲ್ಲ, ಮಾತಾಡುತ್ತಾನೆ. ಫುಟ್‌ಬಾಲ್ ಬಿಟ್ಟ ಮೇಲೆ ಯೂಟ್ಯೂಬಿನಲ್ಲಿ ಹಳೆಯ ಪಂದ್ಯಗಳ ಕಥೆ ಹೇಳಿ ಹೇಳಿ ಎಂಟು ಲಕ್ಷ ಅಭಿಮಾನಿಗಳನ್ನು ಗಿಟ್ಟಿಸಿಕೊಂಡಿದ್ದಾನೆ. ಆಡುತ್ತಿದ್ದ ಕಾಲದಲ್ಲೂ ಇಷ್ಟು ಜನ ಅವನತ್ತ ತಿರುಗಿ ನೋಡಿರಲಿಲ್ಲ. ಆ ಕಥೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಗಿಸುವುದು ನನ್ನದು.

ನಾನು ತೊಗಾಶಿ. ಯಾಯಿಜು ಬಂದರಿನ ಹತ್ತಿರ ಓದೆನ್ ಅಂಗಡಿ ಇಟ್ಟಿದ್ದೇನೆ. ಮೂಲಂಗಿ, ಮೊಟ್ಟೆ, ಮೀನಿನ ಉಂಡೆ ದಿನವಿಡೀ ಕಪ್ಪು ಸಾರಿನಲ್ಲಿ ಕುದಿಯುತ್ತಿರುತ್ತವೆ. ಗಿರಾಕಿಗಳು ಬಂದವರೇ, "ಒಂಬತ್ತು ಮೊಟ್ಟೆ ಕೊಡಿ ತೊಗಾಶಿಯವ್ರೇ. ಈ ಒಂಬತ್ತನ್ನಾದ್ರೂ ಕೈ ಬಿಡ್ಬೇಡಿ!" ಎಂದು ಫೋಟೊ ತೆಗೆದುಕೊಳ್ಳುತ್ತಾರೆ. ನಾನು ಹಲ್ಲು ಕಿರಿಯುತ್ತೇನೆ. ಒಳಗೆ ಮೈಯೆಲ್ಲ ಉರಿಯುತ್ತದೆ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಲೀಗಿನ ಕೊನೆಯ ಪಂದ್ಯ, ಕೊನೆಯ ನಿಮಿಷ, ಕಾರ್ನರ್ ಕಿಕ್. ಎದುರಾಳಿ ತಂಡದ ಒಂಬತ್ತನೇ ನಂಬರಿನವನನ್ನು ಕಾಯಬೇಕಾಗಿದ್ದವನು ಕುರೋಗಿ. ಮೈಮರೆತ. ಗೋಲು ಬಿತ್ತು, ನಮ್ಮ ಕ್ಲಬ್ಬು ಎರಡನೇ ದರ್ಜೆಗೆ ಇಳಿಯಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ನನ್ನ ಕೈ ಹಿಡಿದ.

"ದೇಶದ ತಂಡದ ಪಟ್ಟಿ ಬರೋ ಹೊತ್ತು ಕಣೋ. ಆ ಒಂಬತ್ತು ನಿನ್ ಪಾಲಿಗಿತ್ತು ಅಂತ ನೀನೇ ಹೇಳ್ಬಿಡು. ನಿನ್ ಉಪಕಾರ ಸಾಯೋವರ್ಗೂ ಮರೆಯಲ್ಲ."

ಅವನು ಹೈಸ್ಕೂಲಿನಿಂದಲೂ ನನಗೆ ಎರಡು ವರ್ಷ ಹಿರಿಯ. ಅವನ ಬೂಟು ಒರೆಸಿಕೊಂಡೇ ಆಟ ಕಲಿತವನು ನಾನು. ಹಿರಿಯ ಹೇಳಿದ ಮೇಲೆ ಇಲ್ಲ ಅನ್ನುವುದು ನಮಗೆ ಬರುವುದಿಲ್ಲ. ಪತ್ರಿಕೆಯವರಿಗೆ ಹಾಗೇ ಹೇಳಿದೆ. ಅಭಿಮಾನಿಗಳ ಗ್ಯಾಲರಿಯ ಮುಂದೆ ಸೊಂಟ ಬಗ್ಗಿಸಿ ನಿಂತು ಬೈಗುಳ ತಿಂದೆ. ಮರುವರ್ಷ ಕ್ಲಬ್ಬಿನವರು ನನ್ನನ್ನು ಇಟ್ಟುಕೊಳ್ಳಲಿಲ್ಲ.

ಹೋದ ತಿಂಗಳು ಅವನ ಫೋನು ಬಂತು. "ಲೇ ತೊಗಾಶಿ, ಭಾನುವಾರ ಹಳೇ ಮೈದಾನಕ್ಕೆ ಬಾರೋ. ನಿನ್ ಹತ್ರ ಕ್ಷಮೆ ಕೇಳ್ಬೇಕು."

ಹೆಂಡತಿ ಸಾಯೊ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. "ಈಗಾದ್ರೂ ಬುದ್ಧಿ ಬಂತಾ ಮಹಾರಾಯನಿಗೆ?"

"ಬಾಯ್ಬಿಟ್ಟು ಒಂದ್ ಮಾತು ಹೇಳಿದ್ರೆ ಸಾಕು ಕಣೇ. ನಂಗಿನ್ನೇನೂ ಬೇಡ."

ಮೈದಾನದಲ್ಲಿ ಒಬ್ಬ ಹುಡುಗಿ ಕ್ಯಾಮೆರಾ ಹಿಡಿದು ದೂರದಲ್ಲಿ ನಿಂತಿದ್ದಳು. ನೆನಪಿಗೆ ಇರಲಿ ಅಂತ ಇರಬೇಕು ಅಂದುಕೊಂಡೆ. ಕುರೋಗಿ ನನ್ನನ್ನು ಕಂಡದ್ದೇ ಮಂಡಿಯೂರಿ ಹಣೆಯನ್ನು ಹುಲ್ಲಿಗೆ ಒತ್ತಿದ. "ಒಂಬತ್ತು ನಂದು. ನನ್ ತಪ್ಪನ್ನ ನೀನು ಹೊತ್ಕೊಂಡೆ. ನಾನು ಅದನ್ನೇ ಆಡ್ಕೊಂಡು ನಕ್ಕೆ. ಕ್ಷಮಿಸು!"

ನನಗೆ ದುಃಖ ಒತ್ತರಿಸಿ ಬಂತು. ಗೊಳೋ ಎಂದು ಅತ್ತುಬಿಟ್ಟೆ. ಅವನ ಭುಜ ಹಿಡಿದು ಎಬ್ಬಿಸಿದೆ. "ಸಾಕು ಅಣ್ಣ, ಏಳಿ."

ಕುರೋಗಿ ಎದ್ದ. ಮಂಡಿ ಕೊಡವಿಕೊಂಡು ಸೀದಾ ಹುಡುಗಿಯ ಹತ್ತಿರ ಹೋಗಿ ಕ್ಯಾಮೆರಾದೊಳಗೆ ಇಣುಕಿದ.

"ಥತ್! ನಿನ್ ಬೆನ್ನು ನನ್ ಮುಖಾನೇ ಮುಚ್ಬಿಟ್ಟಿದೆಯಲ್ಲೋ. ಇನ್ನೊಂದ್ಸಲ ಮಾಡೋಣ. ಆ ಗೋಲಿನ ಕಂಬದಿಂದ ನಡ್ಕೊಂಡು ಬಾ."

ಅವನ ಕೊರಳಪಟ್ಟಿ ಹಿಡಿಯಬೇಕಿತ್ತು ನಾನು. ಆದರೆ "ಆಯ್ತಣ್ಣ" ಎಂದು ಬಾಯಿ ಆಗಲೇ ಹೇಳಿಬಿಟ್ಟಿತ್ತು. ಕಾಲು ಕಂಬದ ಕಡೆ ಹೊರಟಿತ್ತು.

ಎರಡನೇ ಸಲ ನನಗೆ ಅಳು ಬರಲಿಲ್ಲ. ಅವನಿಗೆ ಬಂತು, ಮೊದಲಿಗಿಂತ ಚೆನ್ನಾಗಿ. ಯೂಟ್ಯೂಬಿಗೆ ಹೋದದ್ದು ಅದೇ. ಆ ವಿಡಿಯೊವನ್ನು ಈವರೆಗೆ ಮೂವತ್ತು ಲಕ್ಷ ಜನ ನೋಡಿದ್ದಾರೆ. ಕುರೋಗಿಯ ದೊಡ್ಡ ಮನಸ್ಸನ್ನು ಎಲ್ಲರೂ ಹೊಗಳಿದ್ದಾರೆ. ಅದರ ಕೆಳಗೆ ನನ್ನ ಬಗ್ಗೆಯೂ ಬರೆದಿದ್ದಾರೆ: ಅಂಥ ಮನುಷ್ಯ ಕಾಲಿಗೆ ಬಿದ್ದರೂ ಈ ತೊಗಾಶಿಯ ಕಣ್ಣಲ್ಲಿ ಒಂದು ಹನಿ ಇಲ್ಲವಲ್ಲ, ಎಂಥ ಕಲ್ಲುಹೃದಯ!